ಮುದ್ರೆ ಮತ್ತು ಲಾಂಛನ: ಬೆಳ್ಳಿಯ ಮೇಲಿನ ಗುರುತುಗಳನ್ನು ಓದುವ ಕ್ರಮ
(ಚಿತ್ರದುರ್ಗ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿಮರ್ಶೆ)

ಕರ್ನಾಟಕದ ಇತಿಹಾಸ ರಚನೆಗೆ ಒದಗಿರುವ ಆಕರಗಳಲ್ಲಿ ಶಾಸನಗಳಿಗೆ ಮೊದಲ ಸ್ಥಾನ ಸಂದಿದೆ. ಬಿ.ಎಲ್. ರೈಸ್ ಅವರು ಕ್ರಿ.ಶ. 1903ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೆಯ ಸಂಪುಟ ಚಿತ್ರದುರ್ಗ ಜಿಲ್ಲೆಗೆ ಮೀಸಲಾದುದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೊದಲಾದ ತಾಲ್ಲೂಕುಗಳ ಶಾಸನಗಳು ಅದರಲ್ಲಿ ತಾಲ್ಲೂಕುವಾರು ಕ್ರಮಸಂಖ್ಯೆಯೊಡನೆ, ಊರಿನ ಮತ್ತು ನೆಲೆಯ ಉಲ್ಲೇಖದೊಡನೆ ಸೇರಿವೆ. ಈ ಒಂದು ಏರ್ಪಾಟಿನಿಂದಾಗಿಯೇ ಹೊಸದುರ್ಗ ತಾಲ್ಲೂಕಿನ ಯಾವುದೋ ಹಳ್ಳಿಯ ಕಲ್ಲನ್ನು ಕುರಿತು ನೂರು ವರ್ಷಗಳ ಅನಂತರವೂ ವಿದ್ವಾಂಸರು ವಾದಿಸಬಲ್ಲರು. ಹಿಂದಿನವರ ಪಾಠವನ್ನು ತಿದ್ದಬಲ್ಲರು. ಕಲ್ಲು ಇಂದು ಇಲ್ಲವಾಗಿದ್ದರೂ ಅದರ ಪಾಠ ಉಳಿದಿದೆ.

ಇದೇ ಸೀಮೆಯ ಮನೆ, ಮಠ, ದೇವಾಲಯಗಳಲ್ಲಿರುವ ಬೆಳ್ಳಿಯ ಸಾಮಾನುಗಳಿಗೆ ಇಂತಹ ಭಾಗ್ಯ ದೊರೆತಿಲ್ಲ. ಕಲ್ಲಿಗೆ ಬೆಲೆಯಿಲ್ಲದ ಕಾರಣ ಅದು ಉಳಿಯುತ್ತದೆ. ಬೆಳ್ಳಿಗೆ ಬೆಲೆಯಿರುವ ಕಾರಣ ಅದು ಕರಗುತ್ತದೆ. ಹಳೆಯ ತಟ್ಟೆಯೊಂದನ್ನು ಅಕ್ಕಸಾಲಿಗನ ಮೂಸೆಗೆ ಹಾಕುವಾಗ ಅದರ ತೂಕ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದರ ಅಡಿಯಲ್ಲಿ ಒತ್ತಿದ್ದ ನಾಲ್ಕೈದು ಸಣ್ಣ ಗುರುತುಗಳು, ಅಂಚಿನಲ್ಲಿ ಕೊರೆದಿದ್ದ ಲಾಂಛನ ಲೆಕ್ಕಕ್ಕೆ ಬಾರದೆ ಅಳಿಯುತ್ತವೆ. ಉಳಿದ ವಸ್ತುಗಳ ವಿಷಯದಲ್ಲಿಯೂ ಗುರುತುಗಳನ್ನು ಓದುವ ರೀತಿ ಅವಸರದ್ದು. ಸಿಂಹ ಕಂಡರೆ ಇಂಗ್ಲೆಂಡಿನದು, ಆನೆ ಕಂಡರೆ ಟಿಪ್ಪುವಿನದು, ಗಂಡಭೇರುಂಡ ಕಂಡರೆ ಮೈಸೂರು ಅರಸರದು ಎಂಬ ತೀರ್ಮಾನಗಳು ಆಡುಮಾತಿನಲ್ಲಿಯೂ ಒಮ್ಮೊಮ್ಮೆ ಬರಹದಲ್ಲಿಯೂ ಕಾಣಸಿಗುತ್ತವೆ. ಆಂಗ್ಲ ಬೆಳ್ಳಿಯ ಹಾಲ್‌ಮಾರ್ಕ್ ಮತ್ತು ವಂಶಲಾಂಛನಗಳನ್ನು ಓದುವ ಕ್ರಮವನ್ನು ಚಿತ್ರದುರ್ಗ ಸೀಮೆಯ ಲೋಹಸಾಕ್ಷ್ಯಗಳೊಡನೆ ಹೋಲಿಸಿ, ಈ ತೀರ್ಮಾನಗಳು ಎಲ್ಲಿ ತಪ್ಪುತ್ತವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಮುದ್ರೆಯೂ ಲಾಂಛನವೂ

ಲೋಹದ ವಸ್ತುವಿನ ಮೇಲೆ ಎರಡು ಬಗೆಯ ಗುರುತುಗಳಿರುತ್ತವೆ. ಮೊದಲನೆಯದು ಲೋಹದ ಗುಣಕ್ಕೆ ಹೊಣೆಯಾದವರು ಒತ್ತಿದ ಗುರುತು. ‘ಈ ಬೆಳ್ಳಿ ಎಷ್ಟು ಶುದ್ಧ, ಯಾರು ಪರೀಕ್ಷಿಸಿದರು, ಎಲ್ಲಿ, ಯಾವಾಗ’ ಎಂಬ ಪ್ರಶ್ನೆಗಳಿಗೆ ಅದು ಉತ್ತರ. ಇದನ್ನು ಮುದ್ರೆ ಎನ್ನಬಹುದು. ಎರಡನೆಯದು ವಸ್ತುವಿನ ಒಡೆಯನ ಗುರುತು. ‘ಇದು ಯಾರದು’ ಎಂಬ ಪ್ರಶ್ನೆಗೆ ಅದು ಉತ್ತರ. ಇದನ್ನು ಲಾಂಛನ ಎನ್ನಬಹುದು. ಮುದ್ರೆಯನ್ನು ವಸ್ತು ತಯಾರಾಗುವ ಹೊತ್ತಿಗೆ ಅಚ್ಚಿನಿಂದ ಬಡಿದು ಒತ್ತುತ್ತಾರೆ. ಲಾಂಛನವನ್ನು ಉಳಿಯಿಂದ ಕೊರೆಯುತ್ತಾರೆ. ಅದನ್ನು ಅಂದೇ ಕೊರೆಯಬಹುದು, ಐವತ್ತು ವರ್ಷಗಳ ಮೇಲೂ ಕೊರೆಯಬಹುದು, ಹಳೆಯದನ್ನು ಉಜ್ಜಿ ಹೊಸದನ್ನೂ ಕೊರೆಯಬಹುದು. ಈ ಭೇದವನ್ನು ಮರೆತಲ್ಲಿ ಕಾಲನಿರ್ಣಯ ತಪ್ಪುತ್ತದೆ.

ಈ ಭೇದ ಕನ್ನಡ ನಾಡಿಗೆ ಹೊಸದಲ್ಲ. ಮಧ್ಯಕಾಲೀನ ಶಾಸನಗಳಲ್ಲಿ ಬರುವ ‘ಲೊಕ್ಕಿ ಗದ್ಯಾಣ’ ಎಂಬ ಮಾತು ಲೊಕ್ಕಿಗುಂಡಿಯ, ಎಂದರೆ ಇಂದಿನ ಲಕ್ಕುಂಡಿಯ, ಟಂಕಸಾಲೆಯನ್ನು ಸೂಚಿಸುತ್ತದೆ. ದಾನ ಕೊಡುವವನು ಗದ್ಯಾಣದ ಸಂಖ್ಯೆಯೊಂದನ್ನೇ ಹೇಳದೆ ಅದು ಯಾವ ಕಮ್ಮಟದ್ದು ಎಂಬುದನ್ನೂ ಹೇಳಿದನು. ಊರಿನ ಹೆಸರೇ ಅಲ್ಲಿ ಗುಣದ ಭರವಸೆಯಾಯಿತು. ಇದು ಮುದ್ರೆಯ ತರ್ಕ. ತಾಮ್ರಪಟಗಳ ಬಳೆಗೆ ಬೆಸೆದ ಗಂಗರ ಆನೆ, ಬಾದಾಮಿ ಚಾಲುಕ್ಯರ ವರಾಹ ಮುಂತಾದವು ಲಾಂಛನದ ತರ್ಕಕ್ಕೆ ಸೇರಿದವು. ಅವು ದಾನದ ಹಿಂದಿರುವ ವಂಶವನ್ನು ತೋರಿಸುತ್ತವೆ, ತಾಮ್ರದ ಗುಣವನ್ನಲ್ಲ.

ಆಂಗ್ಲ ಬೆಳ್ಳಿಯ ಮುದ್ರೆಗಳು

ಇಂಗ್ಲೆಂಡಿನಲ್ಲಿ ಬೆಳ್ಳಿಯ ಮುದ್ರೆಯ ವ್ಯವಸ್ಥೆ ಒಮ್ಮೆಲೇ ರೂಪುಗೊಂಡುದಲ್ಲ. ಕ್ರಿ.ಶ. 1300ರ ಕಾನೂನಿನಿಂದ ಚಿರತೆಯ ತಲೆಯ ಗುರುತು ಬಂದಿತು. 1363ರಲ್ಲಿ ಪ್ರತಿಯೊಬ್ಬ ಕುಶಲಕರ್ಮಿಯೂ ತನ್ನದೇ ಗುರುತನ್ನು ಒತ್ತಬೇಕೆಂಬ ವಿಧಿಯಾಯಿತು. 1478ರಲ್ಲಿ ಪರೀಕ್ಷೆ ಲಂಡನ್ನಿನ ಅಕ್ಕಸಾಲಿಗರ ಸಂಘದ ‘ಹಾಲ್’ನಲ್ಲಿ ನಡೆಯತೊಡಗಿ, ವರ್ಷಕ್ಕೊಂದು ಅಕ್ಷರವನ್ನು ಒತ್ತುವ ಪದ್ಧತಿ ಆರಂಭವಾಯಿತು. ಹಾಲ್‌ಮಾರ್ಕ್ ಎಂಬ ಹೆಸರಿಗೆ ಆ ಕಟ್ಟಡವೇ ಮೂಲ. ಮುಂಗಾಲೆತ್ತಿ ನಡೆಯುವ ಸಿಂಹ 1544ರಲ್ಲಿ ಸೇರಿತು. ನೂರಕ್ಕೆ 92.5 ಭಾಗ ಬೆಳ್ಳಿಯಿರುವ ‘ಸ್ಟರ್ಲಿಂಗ್’ ಗುಣಕ್ಕೆ ಅದೇ ಸಂಕೇತವಾಗಿ ನಿಂತಿತು. 1697ರಿಂದ 1720ರವರೆಗೆ ಇದಕ್ಕಿಂತ ಹೆಚ್ಚಿನ, ಸುಮಾರು 95.8 ಭಾಗದ ಗುಣ ಕಡ್ಡಾಯವಾಗಿದ್ದುದರಿಂದ ಆ ವರ್ಷಗಳ ಲಂಡನ್ ಬೆಳ್ಳಿಯಲ್ಲಿ ನಡೆಯುವ ಸಿಂಹದ ಬದಲು ಕುಳಿತ ಬ್ರಿಟಾನಿಯಾ ದೇವಿಯ ರೂಪ ಕಾಣುತ್ತದೆ. 1784ರಿಂದ 1890ರವರೆಗೆ ಸುಂಕ ಸಂದಾಯವಾದುದಕ್ಕೆ ಸಾಕ್ಷಿಯಾಗಿ ಆಳುವ ದೊರೆಯ ತಲೆಯನ್ನು ಒತ್ತಲಾಗುತ್ತಿತ್ತು. 1773ರಲ್ಲಿ ಆರಂಭವಾದ ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯದ ಗುರುತು ಲಂಗರು. ಅದೇ ವರ್ಷದ ಶೆಫೀಲ್ಡಿನದು ಕಿರೀಟ, 1975ರಿಂದ ಗುಲಾಬಿ. ಎಡಿನ್‌ಬರೋದ್ದು ಕೋಟೆ.

ಈ ಪಟ್ಟಿಯಲ್ಲಿ ಕಾಲನಿರ್ಣಯಕ್ಕೆ ಹೆಚ್ಚು ಉಪಯುಕ್ತವಾದುದು ವರ್ಷಾಕ್ಷರ. ಆದರೆ ಅದನ್ನು ಒಂಟಿಯಾಗಿ ಓದಲು ಬರುವುದಿಲ್ಲ. ಲಂಡನ್ನಿನ ಚಕ್ರದಲ್ಲಿ ಇಪ್ಪತ್ತು ಅಕ್ಷರಗಳು. ಇಪ್ಪತ್ತು ವರ್ಷ ಕಳೆದ ಮೇಲೆ ಅಕ್ಷರದ ವಿನ್ಯಾಸ ಬದಲಿಸಿ ಮತ್ತೆ ‘ಎ’ಯಿಂದ ಪ್ರಾರಂಭ. 1776ರಲ್ಲಿ ಸಣ್ಣ ‘ಎ’, 1796ರಲ್ಲಿ ದೊಡ್ಡ ‘ಎ’, 1816ರಲ್ಲಿ ಮತ್ತೆ ಸಣ್ಣ ‘ಎ’. ಹೀಗಿರುವಾಗ ಸಣ್ಣ ‘ಎ’ಯನ್ನು ಕಂಡವನು ನಲವತ್ತು ವರ್ಷಗಳ ಅಂತರದ ಎರಡು ಸಾಧ್ಯತೆಗಳ ಮುಂದೆ ನಿಲ್ಲುತ್ತಾನೆ. ಅವನಿಗೆ ನೆರವಾಗುವುದು ಪಕ್ಕದ ಮುದ್ರೆ. 1776ರ ವಸ್ತುವಿನಲ್ಲಿ ದೊರೆಯ ತಲೆ ಇರಲಾರದು, ಏಕೆಂದರೆ ಆ ಸುಂಕಮುದ್ರೆ ಇನ್ನೂ ಬಂದಿರಲಿಲ್ಲ. 1816ರದರಲ್ಲಿ ಅದು ಇರುತ್ತದೆ. ಲಂಡನ್ನಿನ ಚಿರತೆಯ ತಲೆಯ ಮೇಲಿನ ಕಿರೀಟ 1821ರಲ್ಲಿ ಹೋಯಿತು; ಸಿಂಹ ಅಲ್ಲಿಯವರೆಗೆ ನೋಡುಗನ ಕಡೆ ಮುಖ ತಿರುಗಿಸಿತ್ತು, ಅನಂತರ ನೇರ ಮುಂದೆ ನೋಡತೊಡಗಿತು. ಒಂದು ಮುದ್ರೆಯ ಅನುಮಾನವನ್ನು ಮತ್ತೊಂದು ಪರಿಹರಿಸುತ್ತದೆ. ಶಾಸನದಲ್ಲಿ ಸಂವತ್ಸರದ ಹೆಸರು ಅರವತ್ತು ವರ್ಷಗಳಿಗೊಮ್ಮೆ ಮರಳಿದಾಗ ಶಕವರ್ಷ, ತಿಥಿ, ವಾರಗಳನ್ನು ಕೂಡಿಸಿ ಓದುವ ಪದ್ಧತಿಗೂ ಇದಕ್ಕೂ ಭೇದವಿಲ್ಲ.

ವಂಶಲಾಂಛನವನ್ನು ಓದುವುದು

ಲಾಂಛನದ ವ್ಯಾಕರಣ ಬೇರೆ. ಗುರಾಣಿಯ ಮೇಲಿನ ಚಿತ್ರ, ಗುರಾಣಿಯ ಮೇಲ್ಗಡೆ ನಿಲ್ಲುವ ಶಿರೋಲಾಂಛನ ಅಥವಾ ಕ್ರೆಸ್ಟ್, ಎರಡೂ ಬದಿಯಲ್ಲಿ ನಿಲ್ಲುವ ಆಧಾರಮೂರ್ತಿಗಳು, ಕೆಳಗಿನ ಪಟ್ಟಿಯ ಧ್ಯೇಯವಾಕ್ಯ ಇವು ಅದರ ಅಂಗಗಳು. ಬೆಳ್ಳಿಯ ಮೇಲೆ ಬಣ್ಣವಿಲ್ಲವಾದ್ದರಿಂದ ಹದಿನೇಳನೆಯ ಶತಮಾನದಿಂದ ಗೆರೆಗಳೇ ಬಣ್ಣವನ್ನು ಸೂಚಿಸತೊಡಗಿದವು: ಅಡ್ಡ ಗೆರೆ ನೀಲಿ, ಲಂಬ ಗೆರೆ ಕೆಂಪು, ಚುಕ್ಕಿ ಚಿನ್ನ, ಬಯಲು ಬೆಳ್ಳಿ. ಇವನ್ನು ಕೇವಲ ಅಲಂಕಾರವೆಂದು ತಿಳಿದು ಪ್ರತಿಯೆತ್ತುವಾಗ ಬಿಟ್ಟರೆ ಲಾಂಛನದ ಅರ್ಧ ಮಾಹಿತಿ ಹೋದಂತೆ. ಗುರಾಣಿಯನ್ನು ಉದ್ದಕ್ಕೆ ಎರಡಾಗಿ ಸೀಳಿದ್ದರೆ ಸಾಮಾನ್ಯವಾಗಿ ಒಂದು ಪಾಲು ಗಂಡನದು, ಇನ್ನೊಂದು ಹೆಂಡತಿಯ ತವರಿನದು. ಗುರಾಣಿಯ ಬದಲು ವಜ್ರಾಕೃತಿಯಿದ್ದರೆ ಒಡತಿ ಅವಿವಾಹಿತೆ ಅಥವಾ ವಿಧವೆ. ಕ್ರೆಸ್ಟ್ ಒಂದೇ ಇದ್ದಾಗ ಮಾತ್ರ ಎಚ್ಚರ ಬೇಕು. ಒಂದೇ ಕ್ರೆಸ್ಟನ್ನು ಹಲವು ಮನೆತನಗಳು ಧರಿಸಿರುವುದುಂಟು.

ಮುದ್ರೆ ಮತ್ತು ಲಾಂಛನಗಳ ಸಂಬಂಧವನ್ನು ತಿಳಿಯಲು ಕರ್ನಾಟಕಕ್ಕೆ ನೇರವಾಗಿ ಸಂಬಂಧಿಸಿದ ಒಂದು ನಿದರ್ಶನವಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣವನ್ನು ಗೆದ್ದ ಸೈನ್ಯದ ಸೇನಾಪತಿ ಜಾರ್ಜ್ ಹ್ಯಾರಿಸ್. 1815ರಲ್ಲಿ ಅವನಿಗೆ ಶ್ರೀರಂಗಪಟ್ಟಣ ಮತ್ತು ಮೈಸೂರಿನ ಹೆಸರು ಸೇರಿದ ಬ್ಯಾರನ್ ಪದವಿ ದೊರೆಯಿತು. ಆ ಮನೆತನದ ಕ್ರೆಸ್ಟಿನಲ್ಲಿ ಕೋಟೆಗೋಡೆಯಾಕಾರದ ಕಿರೀಟದ ಮೇಲೆ ಪಟ್ಟೆಹುಲಿ. ಅದರ ಎದೆಗೆ ಗಾಯ. ಹಣೆಯ ಮೇಲೆ ಹೈದರನ ಹೆಸರನ್ನು ಸೂಚಿಸುವ ಪಾರಸಿ ಅಕ್ಷರ. ಈ ಹುಲಿಯನ್ನು ಬಲ್ಲವನು ಕೆಂಟ್ ಪ್ರಾಂತದ ಊಟದ ಮೇಜಿನ ಮೇಲೆಯೂ ಮೈಸೂರಿನ ಇತಿಹಾಸವನ್ನು ಓದಬಲ್ಲನು. ಒಂದು ಬೆಳ್ಳಿಯ ತಟ್ಟೆಗೆ 1790ರ ದಶಕದ ಲಂಡನ್ ವರ್ಷಾಕ್ಷರವೂ ಬ್ಯಾರನ್ ಪದವಿಯ ಕಿರೀಟದೊಡನೆ ಈ ಲಾಂಛನವೂ ಇದೆಯೆಂದು ಇಟ್ಟುಕೊಂಡರೆ, ಅವಸರದ ಓದುಗನು ಒಂದನ್ನು ಖೋಟಾ ಎನ್ನುವನು. ವಾಸ್ತವವಾಗಿ ಅಲ್ಲಿ ವಿರೋಧವಿಲ್ಲ. ತಟ್ಟೆ ತಯಾರಾದುದು ಯುದ್ಧಕ್ಕೆ ಮೊದಲು. ಪದವಿಯ ಚಿಹ್ನೆಗಳನ್ನು ಕೊರೆದುದು 1815ರ ಅನಂತರ. ಮುದ್ರೆ ಜನ್ಮವನ್ನು ಹೇಳಿತು, ಲಾಂಛನ ಬಾಳನ್ನು ಹೇಳಿತು.

ದುರ್ಗದ ಟಂಕಸಾಲೆ ಮತ್ತು ವರ್ಷಾಕ್ಷರ

ಹುಲಿಯ ಹಣೆಯ ಮೇಲಿನ ಆ ಅಕ್ಷರಕ್ಕೆ ಚಿತ್ರದುರ್ಗದ ಕಡೆಯಿಂದಲೂ ಒಂದು ದಾರಿಯಿದೆ. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲಿ ಅಲ್ಲಿಯ ವರಹದ ಮೇಲಿದ್ದ ಶಿವಪಾರ್ವತಿಯರ ರೂಪವನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ಹಾಕಿಸಿದನು. ಜನ ನಂಬಿದ್ದ ಮುಖ ಮುಂದೆ, ಹೊಸ ಅಧಿಕಾರ ಹಿಂದೆ. ಮುಂಬದಿಯನ್ನಷ್ಟೇ ನೋಡಿ ಆ ವರಹವನ್ನು ಶೈವ ಅರಸನೊಬ್ಬನದೆಂದರೆ ತಪ್ಪಾಗುತ್ತದೆ. 1779ರಲ್ಲಿ ಕೊನೆಯ ಮದಕರಿ ನಾಯಕನಿಂದ ಚಿತ್ರದುರ್ಗವೂ ಹೈದರನ ವಶವಾಯಿತು. ಟಿಪ್ಪುವಿನ ಆಳಿಕೆಯಲ್ಲಿ ದುರ್ಗಕ್ಕೆ ‘ಫರ್ರುಖ್‌ಯಾಬ್ ಹಿಸಾರ್’ ಎಂಬ ಹೆಸರು ಬಂದು, ಆ ಹೆಸರನ್ನು ಹೊತ್ತ ನಾಣ್ಯಗಳು ಅಲ್ಲಿಯ ಟಂಕಸಾಲೆಯಿಂದ ಹೊರಬಿದ್ದವು. ನಾಣ್ಯದ ಮೇಲಿನ ಈ ಹೆಸರು ಚಿತ್ರದುರ್ಗವೆಂದು ತಿಳಿಯದವನಿಗೆ ಆ ನಾಣ್ಯ ಪರದೇಶಿಯಾಗಿಯೇ ಉಳಿಯುತ್ತದೆ.

ಟಿಪ್ಪುವಿನ ನಾಣ್ಯಗಳನ್ನು ಕುರಿತ ಜೆ.ಆರ್. ಹೆಂಡರ್ಸನ್ ಅವರ 1921ರ ಗ್ರಂಥ ಇಂದಿಗೂ ಮೂಲಭೂತವಾದುದು. ಟಿಪ್ಪುವು ಬೆಳ್ಳಿಯ ರೂಪಾಯಿಗೆ ‘ಇಮಾಮಿ’, ಎರಡು ರೂಪಾಯಿಗೆ ‘ಹೈದರಿ’, ತಾಮ್ರದ ಪೈಸೆಗೆ ‘ಜೊಹ್ರಾ’ ಎಂದು ಹೆಸರಿಟ್ಟನು. ತನ್ನದೇ ಮೌಲೂದಿ ವರ್ಷಗಣನೆಯನ್ನು ತಂದು, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಇದನ್ನು ತಿಳಿಯದೆ ಎಡದಿಂದ ಬಲಕ್ಕೆ ಓದಿದರೆ ವರ್ಷವೇ ತಲೆಕೆಳಗಾಗುತ್ತದೆ. ಕೊನೆಯ ವರ್ಷಗಳ ತಾಮ್ರದ ನಾಣ್ಯಗಳಲ್ಲಿ ಮೌಲೂದಿ 1224ರಿಂದ 1227ರವರೆಗೆ ಕ್ರಮವಾಗಿ ಅಲಿಫ್, ಬೆ, ತೆ, ಸೆ ಎಂಬ ಅಕ್ಷರಗಳು ಕಾಣಿಸಿಕೊಳ್ಳುತ್ತವೆ. ವರ್ಷಕ್ಕೊಂದು ಅಕ್ಷರವೆಂಬ ಈ ಏರ್ಪಾಟು ಲಂಡನ್ನಿನ ವರ್ಷಾಕ್ಷರಕ್ಕೆ ತೀರ ಸಮೀಪವಾದುದು. ಶ್ರೀರಂಗಪಟ್ಟಣ ಬಿದ್ದ ದಿನ ಲಂಡನ್ನಿನಲ್ಲಿ ದೊಡ್ಡ ‘ಸಿ’ ಅಕ್ಷರ ನಡೆಯುತ್ತಿತ್ತು. ಅದು 1798ರ ಮೇ ತಿಂಗಳಿನಲ್ಲಿ ಬಂದು 1799ರ ಮೇ ಕೊನೆಗೆ ಬದಲಾಗಬೇಕಿದ್ದ ಅಕ್ಷರ. ಟಿಪ್ಪುವಿನ ಗಣನೆಯಲ್ಲಿ ಆಗತಾನೇ ‘ಸೆ’ ಅಕ್ಷರದ ವರ್ಷ ಹುಟ್ಟಿತ್ತು. ಒಂದು ವರ್ಷಾಕ್ಷರ ಮುಂದಿನ ಅಕ್ಷರಕ್ಕೆ ದಾಟಿತು, ಇನ್ನೊಂದು ಅಲ್ಲಿಗೇ ನಿಂತಿತು. ಈ ಸಾಮ್ಯದಿಂದ ಒಂದು ಮತ್ತೊಂದರ ಅನುಕರಣೆಯೆಂದು ಹೇಳಲಾಗದು. ಲೋಹಕ್ಕೆ ಹೊಣೆ ಹೊರುವ ಆಡಳಿತ ಎಲ್ಲಿದ್ದರೂ ವರ್ಷವನ್ನು ಗುರುತಿಸಬೇಕಾಗುತ್ತದೆಂಬಷ್ಟು ಮಾತ್ರ ಖಚಿತ.

ಗೆಲುವಿನ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ಹೊರಡಿಸಿದ ಶ್ರೀರಂಗಪಟ್ಟಣದ ಪದಕ ಲಾಂಛನವಿಮರ್ಶೆಗೆ ಮತ್ತೊಂದು ಪಾಠ. ಸಿ.ಎಚ್. ಕುಕ್ಲರ್ ರೂಪಿಸಿ ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋ ಟಂಕಸಾಲೆಯಲ್ಲಿ ತಯಾರಾದ ಆ ಪದಕದಲ್ಲಿ ಬ್ರಿಟನ್ನಿನ ಸಿಂಹ ಟಿಪ್ಪುವಿನ ಹುಲಿಯನ್ನು ಕೆಡವಿದೆ. ಮೇಲಿನ ಧ್ವಜದಲ್ಲಿ ‘ದೇವರ ಸಿಂಹವೇ ಗೆಲ್ಲುವುದು’ ಎಂಬರ್ಥದ ಅರಬಿ ಮಾತು. ಆ ಮಾತು ಟಿಪ್ಪುವಿನದೇ; ಅವನು ಅದನ್ನು ಹುಲಿಯ ಮುಖದ ಆಕಾರದಲ್ಲಿ ಹೆಣೆಯಿಸಿ ತನ್ನ ಆಯುಧಗಳ ಮೇಲೆ ಹಾಕಿಸಿದ್ದನು. ಸೋತವನ ಮಾತನ್ನೇ ಗೆದ್ದವನು ತನ್ನ ಸಿಂಹದ ಮೇಲೆ ಬರೆಸಿಕೊಂಡನು. ಅರಬಿ ಅಕ್ಷರವಿರುವುದರಿಂದ ಇದು ಟಿಪ್ಪುವಿನ ಪದಕ ಎನ್ನುವವನೂ, ಸಿಂಹವಿರುವುದರಿಂದ ಮಾತೂ ಆಂಗ್ಲರದೇ ಎನ್ನುವವನೂ ಸಮಾನವಾಗಿ ತಪ್ಪುತ್ತಾರೆ.

ಸಿಂಹ, ಆನೆ, ಗಂಡಭೇರುಂಡ

ಮೇಲೆ ಹೇಳಿದ ಮೂರು ಅವಸರದ ತೀರ್ಮಾನಗಳನ್ನು ಈಗ ಪರಿಶೀಲಿಸಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳ ಮೇಲೆ ಸಿಂಹವಿದೆ. ಜೊತೆಗೆ ‘ಶ್ರೀ ಚಾಮುಂಡಿ’ ಎಂಬ ಬರಹವಿದೆ. ಅದು ದೇವಿಯ ವಾಹನ. ಅದೇ ನಾಣ್ಯವರ್ಗದಲ್ಲಿ ಕನ್ನಡದ ಜೊತೆಗೆ ಇಂಗ್ಲಿಷ್ ಬರಹವೂ ಇದೆಯೆಂಬ ಕಾರಣಕ್ಕೆ ಸಿಂಹವನ್ನು ಬ್ರಿಟನ್ನಿನದೆಂದು ಎಣಿಸಲಾಗದು. ಆನೆ ಟಿಪ್ಪುವಿನ ತಾಮ್ರದ ನಾಣ್ಯಗಳ ಮೇಲಿದೆ ನಿಜ. ಮುಮ್ಮಡಿಯವರ ಕಾಸುಗಳ ಮೇಲೂ ಇದೆ. ಅವರಿಬ್ಬರಿಗಿಂತ ಹಲವು ಶತಮಾನಗಳ ಹಿಂದೆ ಗಂಗರ ಮುದ್ರೆಗಳ ಮೇಲೂ ಇತ್ತು. ಪ್ರಾಣಿ ಒಂದೇ, ಹೊಣೆಗಾರರು ಬೇರೆ.

ಗಂಡಭೇರುಂಡದ ವಿಷಯ ಇನ್ನೂ ಜಟಿಲವಾದುದು. ಬಳ್ಳಿಗಾವೆಯ ಗಂಡಭೇರುಂಡ ಸ್ತಂಭ 1047ರದು. ವಿಜಯನಗರದ ಅಚ್ಯುತರಾಯನ ವರಹಗಳಲ್ಲಿ ಆನೆಗಳನ್ನು ಕಚ್ಚಿಹಿಡಿದ ಗಂಡಭೇರುಂಡವಿದೆ. ಕೆಳದಿಯ ರಾಮೇಶ್ವರ ದೇವಾಲಯದ ಭುವನೇಶ್ವರಿಯಲ್ಲಿ ಅದೇ ಪಕ್ಷಿ ಇದೆ. ಮೈಸೂರು ಅರಸರು ಅದನ್ನು ತಮ್ಮ ಲಾಂಛನವಾಗಿಸಿಕೊಂಡರು. ಸೊಂಡಿಲೂ ಸಿಂಹದೇಹವೂ ಕೂಡಿದ ಎರಡು ಮೃಗಗಳ ನಡುವೆ ಅದೇ ಇಂದು ಕರ್ನಾಟಕ ಸರ್ಕಾರದ ಲಾಂಛನದಲ್ಲಿ ನಿಂತಿದೆ. ಆದರೆ ಗುರಾಣಿ, ಅದರ ಎರಡು ಬದಿಯ ಆಧಾರಮೃಗಗಳು, ಕೆಳಗಿನ ಪಟ್ಟಿಯಲ್ಲಿ ಧ್ಯೇಯವಾಕ್ಯ ಎಂಬ ಚೌಕಟ್ಟು ಯುರೋಪಿನ ಲಾಂಛನಶಾಸ್ತ್ರದ್ದು. 1877ರ ದೆಹಲಿ ದರ್ಬಾರಿನಲ್ಲಿ ಭಾರತದ ಸಂಸ್ಥಾನಿಕರಿಗೆ ಕೊಟ್ಟ ಧ್ವಜಗಳಿಗಾಗಿ ಬಂಗಾಳ ಸಿವಿಲ್ ಸೇವೆಯ ರಾಬರ್ಟ್ ಟೇಲರ್ ಇಂತಹ ಲಾಂಛನಗಳನ್ನು ರೂಪಿಸಿದನು. ಆ ಕಾಲದಿಂದ ಈ ಚೌಕಟ್ಟು ಸಂಸ್ಥಾನಗಳಲ್ಲಿ ವ್ಯಾಪಕವಾಯಿತು. ಆದ್ದರಿಂದ ಬೆಳ್ಳಿಯ ವಸ್ತುವೊಂದರಲ್ಲಿ ಗಂಡಭೇರುಂಡ ಕಂಡಾಗ ಕೇಳಬೇಕಾದ ಪ್ರಶ್ನೆಗಳು ಎರಡು. ಪಕ್ಷಿ ಸ್ವತಂತ್ರವಾಗಿದೆಯೇ, ಗುರಾಣಿಯೊಳಗಿದೆಯೇ ಎಂಬುದು ಮೊದಲನೆಯದು. ಧ್ಯೇಯವಾಕ್ಯ ಯಾವುದು ಎಂಬುದು ಎರಡನೆಯದು. ಮೈಸೂರಿನ ‘ಸತ್ಯಮೇವೋದ್ಧರಾಮ್ಯಹಂ’ ಇದ್ದರೆ ಸಂಸ್ಥಾನ ಕಾಲ. ‘ಸತ್ಯಮೇವ ಜಯತೇ’ಯೂ ಸಾರನಾಥದ ಸಿಂಹಗಳೂ ಇದ್ದರೆ ಗಣರಾಜ್ಯದ ಕಾಲ. ಪಕ್ಷಿಯು ತಾನಾಗಿ ಕಾಲವನ್ನು ಹೇಳುವುದಿಲ್ಲ, ಚೌಕಟ್ಟು ಹೇಳುತ್ತದೆ.

ಪರೀಕ್ಷಾಲಯವಿಲ್ಲದ ನಾಡಿನ ಬೆಳ್ಳಿ

ಬ್ರಿಟಿಷರ ಕಾಲದ ಭಾರತದಲ್ಲಿ ಲಂಡನ್ನಿನಂತಹ ಕಾನೂನುಬದ್ಧ ಪರೀಕ್ಷಾಲಯ ಇರಲಿಲ್ಲ. ಕಲ್ಕತ್ತೆಯ ಹ್ಯಾಮಿಲ್ಟನ್, ಮದರಾಸಿನ ಪಿ. ಆರ್ ಅಂಡ್ ಸನ್ಸ್, ಬೆಂಗಳೂರು ದಂಡುಪ್ರದೇಶದ ಬಾರ್ಟನ್ ಮೊದಲಾದ ಅಂಗಡಿಗಳು ತಮ್ಮ ಹೆಸರನ್ನೋ ಅಕ್ಷರಗಳನ್ನೋ ಒತ್ತುತ್ತಿದ್ದವು. ಕೆಲವು ತಯಾರಕರು ಆಂಗ್ಲ ಮುದ್ರೆಗಳನ್ನು ಹೋಲುವ ಚಿತ್ರಗಳನ್ನೂ ಜೊತೆಗಿಟ್ಟರು. ಹೀಗೆ ಒತ್ತಿದ ಗುರುತು ಅಂಗಡಿಯ ಮಾತು, ರಾಜ್ಯದ ಮಾತಲ್ಲ. ಮೇಲುನೋಟಕ್ಕೆ ಹಾಲ್‌ಮಾರ್ಕಿನಂತೆ ಸಾಲಾಗಿ ಕಾಣುವ ಗುರುತುಗಳು ಬೆಳ್ಳಿಯೇ ಅಲ್ಲದ ವಸ್ತುವಿನ ಮೇಲೂ ಇರುತ್ತವೆ. 1840ರಲ್ಲಿ ಎಲ್ಕಿಂಗ್ಟನ್ನರು ವಿದ್ಯುತ್ತಿನಿಂದ ಬೆಳ್ಳಿಯ ಲೇಪ ಕೊಡುವ ಕ್ರಮಕ್ಕೆ ಪೇಟೆಂಟ್ ಪಡೆದ ಮೇಲೆ ‘ಇ.ಪಿ.ಎನ್.ಎಸ್.’ ಎಂಬ ನಾಲ್ಕು ಅಕ್ಷರಗಳ ಸಾಮಾನು ಎಲ್ಲೆಡೆ ಹರಡಿತು. ಆ ಅಕ್ಷರಗಳ ಅರ್ಥ ನಿಕ್ಕಲ್ ಮಿಶ್ರಲೋಹದ ಮೇಲೆ ಬೆಳ್ಳಿಯ ಲೇಪವೆಂದು; ಅದನ್ನು ಶುದ್ಧತೆಯ ಮುದ್ರೆಯೆಂದು ತಿಳಿದು ಬೆಳ್ಳಿಯ ಬೆಲೆ ಕೊಟ್ಟವನು ಮೋಸಹೋಗುತ್ತಾನೆ.

ಶೈಲಿಯೂ ಇಲ್ಲಿ ನೆರವಾಗುವುದು ಕಡಿಮೆ. ದೇವತೆಗಳ ಮೂರ್ತಿಗಳನ್ನು ಉಬ್ಬುಕೆಲಸದಲ್ಲಿ ತುಂಬಿದ ‘ಸ್ವಾಮಿ’ ಮಾದರಿಯ ಚಹಾ ಪಾತ್ರೆಗಳನ್ನು ಮದರಾಸಿನ ಅಂಗಡಿಗಳು ಆಂಗ್ಲ ಗಿರಾಕಿಗಳಿಗಾಗಿಯೇ ಮಾಡಿಸಿದವು. ವಿಷ್ಣುವಿನ ಅವತಾರಗಳಿರುವ ಮಾತ್ರಕ್ಕೆ ಆ ಪಾತ್ರೆ ದೇವಾಲಯದ್ದಾಗುವುದಿಲ್ಲ.

ಈ ಕ್ಷೇತ್ರದ ಪ್ರಮುಖ ಗ್ರಂಥಗಳ ಮಿತಿಯನ್ನೂ ಇಲ್ಲಿ ಗುರುತಿಸಬೇಕು. ಚಾರ್ಲ್ಸ್ ಜಾಕ್ಸನ್ನನ 1905ರ ಮಹಾಕೋಶ ಆಂಗ್ಲ, ಸ್ಕಾಟಿಷ್ ಮತ್ತು ಐರಿಷ್ ಮುದ್ರೆಗಳಿಗೆ ಆಧಾರಗ್ರಂಥ. ವಿನ್ಯಾರ್ಡ್ ವಿಲ್ಕಿನ್ಸನ್ ಭಾರತದಲ್ಲಿದ್ದ ಯುರೋಪಿಯನ್ ಬೆಳ್ಳಿಗಾರರನ್ನು ಕುರಿತು 1973ರಲ್ಲಿಯೂ, 1858ರ ಅನಂತರದ ಭಾರತೀಯ ಬೆಳ್ಳಿಯನ್ನು ಕುರಿತು 1999ರಲ್ಲಿಯೂ ಪ್ರಕಟಿಸಿದ ಪುಸ್ತಕಗಳು ಇಲ್ಲಿಯ ಅಂಗಡಿಗಳನ್ನು ಬೆಳಕಿಗೆ ತಂದವು. ಇವೆಲ್ಲ ತಯಾರಕನ ಕಡೆಯಿಂದ ಹೊರಟವು. ಯಾವ ಗುರುತು ಯಾವ ಅಂಗಡಿಯದೆಂಬುದ ಅವು ಹೇಳುತ್ತವೆ; ಆ ವಸ್ತು ಯಾರ ಕೈಗೆ ಬಂದು, ಯಾವ ಊರಿನಲ್ಲಿ ಬಾಳಿತೆಂಬುದನ್ನು ಹೇಳುವುದು ಅವುಗಳ ಉದ್ದೇಶವಲ್ಲ. ಚಿತ್ರದುರ್ಗದ ಮಟ್ಟಿಗೆ ಮುಖ್ಯವಾದುದು ಈ ಎರಡನೆಯ ಪ್ರಶ್ನೆ. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರ ಕೈಗೆ ಹೋದ ಮೇಲೆ ರಚನೆಯಾದ ನಾಲ್ಕು ವಿಭಾಗಗಳಲ್ಲಿ ಚಿತ್ರದುರ್ಗವೂ ಒಂದು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳುವವರೆಗೆ ಆಂಗ್ಲ ಅಧಿಕಾರಿಗಳು ಈ ಸೀಮೆಯ ಆಡಳಿತ ನಡೆಸಿದರು. ಇಂತಹ ಸಂಪರ್ಕದ ಐವತ್ತು ವರ್ಷಗಳ ಅವಧಿಗೆ ಲೋಹದ ಸಾಕ್ಷ್ಯವನ್ನು ಹುಡುಕುವವನಿಗೆ ವಸ್ತು ದೊರೆತ ಊರಿನ ದಾಖಲೆಯೇ ಮೊದಲ ಆಧಾರವಾಗಬೇಕು.

ಕೂಟ ಮುದ್ರೆಗಳು

ಮುದ್ರೆಯಿದ್ದಲ್ಲಿ ಮೋಸವೂ ಇರುತ್ತದೆ. ಕನ್ನಡ ಸಂಶೋಧನೆಯಲ್ಲಿ ಕೂಟ ಶಾಸನಗಳ ಚರ್ಚೆ ಹಳೆಯದು. ರೈಸ್ ಅವರು ಪ್ರಕಟಿಸಿದ ಗಂಗರ ತಾಮ್ರಪಟಗಳಲ್ಲಿ ಹಲವನ್ನು ಜೆ.ಎಫ್. ಫ್ಲೀಟ್ ಕೃತಕವೆಂದು ತಳ್ಳಿಹಾಕಿದುದು ಅದರ ಪ್ರಸಿದ್ಧ ಅಧ್ಯಾಯ. ಆ ವಾದದ ಫಲವಾಗಿ, ತಾಮ್ರಪಟ ಕೈಗೆ ಬಂದಾಗ ಬಳೆ ಮೊದಲೇ ಕತ್ತರಿಸಿತ್ತೇ, ಮುದ್ರೆ ಅದೇ ಪಟಗಳದ್ದೇ ಎಂಬುದನ್ನು ನಮೂದಿಸುವ ಶಿಸ್ತು ಬಲಗೊಂಡಿತು. ನಿಜವಾದ ಮುದ್ರೆಯನ್ನು ಸುಳ್ಳು ಪಟಗಳಿಗೆ ಕಟ್ಟಬಹುದು.

ಆಂಗ್ಲ ಬೆಳ್ಳಿಯಲ್ಲಿಯೂ ಇದೇ ನಡೆಯಿತು. 1720ರಿಂದ 1758ರವರೆಗೆ ಔನ್ಸಿಗೆ ಆರು ಪೆನ್ಸಿನ ಸುಂಕವಿದ್ದಾಗ ಕೆಲವರು ಸಣ್ಣ ವಸ್ತುವಿಗೆ ಅಲ್ಪ ಸುಂಕ ತೆತ್ತು ಮುದ್ರೆ ಒತ್ತಿಸಿ, ಆ ತುಂಡನ್ನು ಕತ್ತರಿಸಿ ದೊಡ್ಡ ಪಾತ್ರೆಯ ತಳಕ್ಕೆ ಬೆಸೆದರು. ಮುದ್ರೆ ಅಪ್ಪಟ, ಪಾತ್ರೆ ಪರೀಕ್ಷೆಗೆ ಒಳಗಾಗದುದು. ಇದನ್ನು ಕಂಡುಹಿಡಿಯುವ ಉಪಾಯ ಸರಳ. ತಳದ ಮೇಲೆ ಬಾಯುಸಿರು ಬಿಟ್ಟರೆ ಬೆಸುಗೆಯ ಗೆರೆ ಕ್ಷಣಕಾಲ ಕಾಣಿಸಿಕೊಳ್ಳುತ್ತದೆ. ಹಳೆಯ ಲಾಂಛನವನ್ನು ಉಜ್ಜಿ ತೆಗೆದಿದ್ದರೆ ಆ ಸ್ಥಳದಲ್ಲಿ ತಗಡು ತೆಳುವಾಗಿ ಬೆರಳಿಗೆ ಬಾಗುತ್ತದೆ. ಸವಕಲಿನ ಪ್ರಮಾಣವೂ ಸಾಕ್ಷಿ. ನೂರು ವರ್ಷ ವಿಭೂತಿ, ಅಂಟುವಾಳಗಳಿಂದ ಉಜ್ಜಿಸಿಕೊಂಡ ಪೂಜೆಯ ತಟ್ಟೆಯ ಮೇಲಿನ ಕೆತ್ತನೆ ಹರಿತವಾಗಿದ್ದು ಪಕ್ಕದ ಮುದ್ರೆ ಮಾತ್ರ ಸವೆದಿದ್ದರೆ, ಕೆತ್ತನೆ ಈಚಿನದೆಂದು ತಿಳಿಯಬೇಕು.

ಚಂದ್ರವಳ್ಳಿಯ ಪಾಠ

ಗುರುತನ್ನು ಅದರ ನೆಲೆಯೊಡನೆ ಓದಬೇಕೆಂಬುದಕ್ಕೆ ಅತ್ಯುತ್ತಮ ನಿದರ್ಶನ ಚಿತ್ರದುರ್ಗದ ಮಗ್ಗುಲಲ್ಲಿಯೇ ಇದೆ. ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ ಅವರು 1929ರಲ್ಲಿಯೂ ಮಾರ್ಟಿಮರ್ ವ್ಹೀಲರ್ 1947ರಲ್ಲಿಯೂ ಉತ್ಖನನ ನಡೆಸಿದರು. ಸಾತವಾಹನರ ಕಾಲದ ಸೀಸದ ನಾಣ್ಯಗಳ ಜೊತೆಗೆ ರೋಮನ್ ಬೆಳ್ಳಿಯ ದಿನಾರಿಯಸ್ ನಾಣ್ಯಗಳು ಅಲ್ಲಿ ದೊರೆತವು. ಈ ಸೀಮೆಯ ಸದಕನ ಕಳಲಾಯ ಮಹಾರಠಿಯ ಸೀಸದ ನಾಣ್ಯಗಳಲ್ಲಿ ಒಂದು ಬದಿಗೆ ಹಿಣಿಲಿನ ಎತ್ತು ಇದೆ. ಕ್ರಿ.ಶ. 14ರಿಂದ 37ರವರೆಗೆ ಆಳಿದ ಟೈಬೀರಿಯಸ್ ಚಕ್ರವರ್ತಿಯ ನಾಣ್ಯದ ಮೇಲೆ ಅವನ ಮುಖವೂ ಹೆಸರೂ ಇವೆ. ಅದು ಯಾರದೆಂಬುದರಲ್ಲಿ ಸಂಶಯವಿಲ್ಲ. ಅದು ಚಂದ್ರವಳ್ಳಿಯಲ್ಲಿ ರೋಮನರ ಆಳ್ವಿಕೆಯನ್ನು ಸಾಧಿಸುವುದಿಲ್ಲ. ನಾಣ್ಯ ಅಚ್ಚಾದ ವರ್ಷವೇ ಮಣ್ಣಿನಲ್ಲಿ ಬಿದ್ದ ವರ್ಷವೆಂದೂ ಹೇಳುವುದಿಲ್ಲ. ಅದು ದೊರೆತ ಸ್ತರ ಆ ಚಕ್ರವರ್ತಿಗಿಂತ ಹಿಂದಿನದಲ್ಲ ಎಂಬಷ್ಟನ್ನೇ ಹೇಳುತ್ತದೆ. ಅಷ್ಟರಿಂದಲೇ ಜೊತೆಯಲ್ಲಿ ಸಿಕ್ಕ ಮಡಕೆ ಚೂರುಗಳಿಗೂ ಕಾಲದ ನೆಲೆಯೊಂದು ದೊರೆಯಿತು.

ಇದೇ ನಾಣ್ಯ ಪೇಟೆಯ ಅಂಗಡಿಯೊಂದರಲ್ಲಿ ಸಿಕ್ಕಿದ್ದರೆ ಅದರ ಮುಖವೂ ಹೆಸರೂ ಹಾಗೆಯೇ ಇರುತ್ತಿದ್ದವು, ಬೆಳ್ಳಿಯ ತೂಕವೂ ಅಷ್ಟೇ ಇರುತ್ತಿತ್ತು. ಚಂದ್ರವಳ್ಳಿಯ ಇತಿಹಾಸಕ್ಕೆ ಮಾತ್ರ ಅದರಿಂದ ಏನೂ ದೊರೆಯುತ್ತಿರಲಿಲ್ಲ. ಆಂಗ್ಲ ಬೆಳ್ಳಿಗೂ ಈ ಮಾತು ಸಲ್ಲುತ್ತದೆ. ಲಂಡನ್ನಿನ ವರ್ಷಾಕ್ಷರವನ್ನು ಲಂಡನ್ನಿನ ಕೋಶದಿಂದ ಯಾರಾದರೂ ಯಾವಾಗಲಾದರೂ ಓದಬಹುದು. ಆ ಪಾತ್ರೆ ಹೊಳಲ್ಕೆರೆಯ ಒಂದು ಮನೆಯಲ್ಲಿತ್ತು ಎಂಬ ಸಂಗತಿಯನ್ನು ಯಾವ ಕೋಶವೂ ಮುಂದೆ ಹೇಳಲಾರದು.

ಆಗಬೇಕಾದ ಕೆಲಸ

ಭಾರತೀಯ ಮಾನಕ ಬ್ಯೂರೋ ಚಿನ್ನಕ್ಕೆ 2000ದಲ್ಲಿಯೂ ಬೆಳ್ಳಿಗೆ 2005ರಲ್ಲಿಯೂ ಹಾಲ್‌ಮಾರ್ಕ್ ಯೋಜನೆಯನ್ನು ತಂದಿತು. 2021ರಿಂದ ಚಿನ್ನಕ್ಕೆ ಅದು ಹಂತಹಂತವಾಗಿ ಕಡ್ಡಾಯವಾಗಿದೆ. ಯೋಜನೆಯ ಆರಂಭದ ವರ್ಷಗಳಲ್ಲಿ ಇಲ್ಲಿಯೂ 2000ಕ್ಕೆ ‘ಎ’, 2001ಕ್ಕೆ ‘ಬಿ’ ಎಂದು ವರ್ಷಕ್ಕೊಂದು ಅಕ್ಷರ ಒತ್ತಲಾಗುತ್ತಿತ್ತು. ಹೊಸ ಒಡವೆಯ ಗುಣಕ್ಕೆ ಹೀಗೆ ಭರವಸೆ ದೊರೆತಿದೆ. ಹಳೆಯ ವಸ್ತುವಿನ ಚರಿತ್ರೆಗೆ ಭರವಸೆ ಬೇರೆ ಕಡೆಯಿಂದ ಬರಬೇಕು. ಹಳೆಯ ಬೆಳ್ಳಿಯನ್ನು ಕೊಟ್ಟು ಹಾಲ್‌ಮಾರ್ಕಿನ ಹೊಸ ಬೆಳ್ಳಿಯನ್ನು ಕೊಳ್ಳುವ ರೂಢಿ ಬೆಳೆದಂತೆ ಹಳೆಯ ಮುದ್ರೆಗಳು ಮೂಸೆ ಸೇರುವುದೂ ಹೆಚ್ಚುತ್ತದೆ.

ಶಿಲಾಶಾಸನಗಳಿಗೆ ರೈಸ್ ಅವರು ಅನುಸರಿಸಿದ ಕ್ರಮವನ್ನೇ ಲೋಹವಸ್ತುಗಳಿಗೂ ಅನ್ವಯಿಸಬಹುದು. ತಾಲ್ಲೂಕು, ಊರು, ನೆಲೆ, ಕ್ರಮಸಂಖ್ಯೆ. ಅನಂತರ ತೂಕ, ಅಳತೆ, ಮುದ್ರೆಗಳ ಕ್ರಮ, ಲಾಂಛನದ ಗೆರೆಸಹಿತವಾದ ಚಿತ್ರ, ಸವಕಲು ಮತ್ತು ಬೆಸುಗೆಯ ವಿವರ, ಒಡೆಯರ ಬಾಯಿಂದ ತಿಳಿದ ಸಂಗತಿ. ದೇವಾಲಯ ಮತ್ತು ಮಠಗಳ ಆಸ್ತಿಪಟ್ಟಿಯಲ್ಲಿ ‘ಬೆಳ್ಳಿ ತಟ್ಟೆ ಒಂದು, ತೂಕ ಇಷ್ಟು’ ಎಂದರೆ ಕಳವು ತಡೆಯುವುದಕ್ಕೂ ಸಾಲದು. ಅದೇ ತೂಕದ ಮತ್ತೊಂದು ತಟ್ಟೆಯನ್ನು ಇಟ್ಟರೆ ಪಟ್ಟಿ ಸುಮ್ಮನಿರುತ್ತದೆ. ತಳದ ಮುದ್ರೆಗಳ ಛಾಯಾಚಿತ್ರವೊಂದು ಜೊತೆಗಿದ್ದರೆ ಸುಮ್ಮನಿರುವುದಿಲ್ಲ. ಖಾಸಗಿ ಮನೆಗಳ ವಿಷಯದಲ್ಲಿ ಒಡೆಯರ ಹೆಸರನ್ನು ಗುಟ್ಟಾಗಿರಿಸಿ ಊರನ್ನು ಮಾತ್ರ ನಮೂದಿಸಿದರೂ ಸಂಶೋಧನೆಗೆ ಸಾಕಾಗುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳ ಕಾಲೇಜು ವಿದ್ಯಾರ್ಥಿಗಳು ಒಬ್ಬ ಅಧ್ಯಾಪಕರ ಮಾರ್ಗದರ್ಶನದಲ್ಲಿ ಮಾಡಬಹುದಾದ ಕೆಲಸವಿದು. ಭೂತಗನ್ನಡಿ, ತಕ್ಕಡಿ, ಕ್ಯಾಮರಾ, ಒಂದು ದಾಖಲೆ ಪುಸ್ತಕ ಇವಿಷ್ಟೇ ಬೇಕಾದ ಸಲಕರಣೆ.

ಒಟ್ಟಿನಲ್ಲಿ, ಲೋಹದ ಮೇಲಿನ ಯಾವ ಗುರುತೂ ಒಂಟಿಯಾಗಿ ಸಾಕ್ಷಿ ಹೇಳುವುದಿಲ್ಲ. ಮುದ್ರೆಯನ್ನು ಪಕ್ಕದ ಮುದ್ರೆಯೊಡನೆ, ಲಾಂಛನವನ್ನು ಅದರ ಚೌಕಟ್ಟಿನೊಡನೆ, ಇವೆರಡನ್ನೂ ವಸ್ತು ದೊರೆತ ನೆಲೆಯೊಡನೆ ಓದಿದಾಗ ಮಾತ್ರ ಅದು ಇತಿಹಾಸದ ಆಕರವಾಗುತ್ತದೆ. ಮೊದಲೆರಡನ್ನು ಹೊರಗಿನ ಗ್ರಂಥಗಳ ನೆರವಿನಿಂದ ಎಂದಾದರೂ ಓದಿಕೊಳ್ಳಬಹುದು. ಮೂರನೆಯದನ್ನು ಬರೆದಿಡಬಲ್ಲವರು ಆ ಊರಿನವರು ಮಾತ್ರ. ಅದೂ ವಸ್ತು ಮೂಸೆಗೆ ಬೀಳುವ ಮೊದಲು.